ಹಲ್ಲು ನೋಡದೆ ಕೊಟ್ಟ ರೊಕ್ಕ

ಎಳ್ಳಮಾವಾಸ್ಯೆ ಮುಗಿದು ನಾಲ್ಕು ದಿನ. ಝಳಕಿ ಕ್ರಾಸಿನಲ್ಲಿ ಸೊಲ್ಲಾಪುರದ ಹೆದ್ದಾರಿ ಬಿಟ್ಟು ಇಂಡಿ ಕಡೆ ಹೊರಳಿದರೆ ಅರ್ಧ ರಸ್ತೆ ತೊಗರಿಯದು. ಕೊಯ್ದ ಕಟ್ಟುಗಳನ್ನು ಡಾಂಬರಿನ ಮೇಲೆ ಹರವಿ, ಹೋಗಿ ಬರುವವರ ಗಾಲಿಯಿಂದಲೇ ರಾಶಿ ಮಾಡಿಸಿಕೊಳ್ಳುವ ಜಾಣತನ ನಮ್ಮ ಕಡೆಯದು. ಕಾನೂನು ಏನನ್ನುತ್ತದೆ ಎಂದು ಕೇಳುವವರು ಇಲ್ಲಿ ಕಾರು ಓಡಿಸಬಾರದು. ತೊಗರಿಯ ಅಂಚಿಗೆ ಬಂದು ಬ್ರೇಕಿನ ಮೇಲೆ ಕಾಲಿಟ್ಟೆ. ಮುಂದಿನ ಎಡಗಾಲಿಯೊಳಗಿಂದ ತಗಡಿನ ಮೇಲೆ ಮೊಳೆ ಎಳೆದಂಥ ಚೀರು. ಜಾಲಿಗಿಡದ ಬುಡದಲ್ಲಿ ಮೇಯುತ್ತಿದ್ದ ಆಡುಗಳೆಲ್ಲ ಒಮ್ಮೆಲೇ ಕತ್ತೆತ್ತಿ ನನ್ನನ್ನೇ ನೋಡಿದವು. ತೊಗರಿ ತಿರುವಿ ಹಾಕುತ್ತಿದ್ದ ಮುದುಕಿ ಸೊಂಟ ನೆಟ್ಟಗೆ ಮಾಡಿ, "ಗಾಡಿಗೆ ಒಂದ್ ಹನಿ ಎಣ್ಣಿ ಬಿಡೋ ಯಪ್ಪಾ" ಎಂದಳು.

ಬಂಡಿಯ ಅಚ್ಚಿಗೆ ಎಣ್ಣೆ ಬಿಟ್ಟು ಬೆಳೆದ ಜೀವ. ಅವಳ ಮಾತು ಬಂಡಿಗೆ ಖರೆ. ಕಾರಿನ ಬ್ರೇಕಿಗೆ ಎಣ್ಣೆ ಬಿಟ್ಟರೆ ಚೀರು ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಆ ಚೀರಿಗೆ ಹಿಂದಿನ ದಿನವೇ ಬೆಲೆ ಕಟ್ಟಿಸಿಕೊಂಡಿದ್ದೆ. 14,600 ರೂಪಾಯಿ. ಜಿಲ್ಲಾ ಕೇಂದ್ರದ ಗಾಜಿನ ಬಾಗಿಲಿನ ವರ್ಕ್‌ಶಾಪು, ಹೆಸರು ಬೇಡ. ಒಳಗೆ ಎ.ಸಿ., ಪುಗಸಟ್ಟೆ ಕಾಫಿ, ಕೈಯಲ್ಲಿ ಟ್ಯಾಬ್ ಹಿಡಿದ ಇಸ್ತ್ರಿ ಅಂಗಿಯ ಹುಡುಗ. ಮುಂದಿನ ಪ್ಯಾಡ್, ಎರಡೂ ಡಿಸ್ಕ್, ಹಿಂದಿನ ಲೈನರ್, ಡ್ರಮ್ ಪಾಲಿಶ್, ಬ್ರೇಕ್ ಆಯಿಲ್, ಕ್ಯಾಲಿಪರ್ ಸರ್ವಿಸ್, ಕ್ಲೀನಿಂಗ್ ಸ್ಪ್ರೇ, ಕೊನೆಗೆ ‘ಇತರೆ’. ಸಾಮಾನಿನ ಎಂಆರ್‌ಪಿ ಹಾಕಿ, ಅದರ ಮೇಲೆ ಮತ್ತೆ 18 ಪ್ರತಿಶತ ಜಿಎಸ್‌ಟಿ. ಗಾಲಿ ಬಿಚ್ಚಿ ನೋಡಿದಿರಾ ಎಂದು ಕೇಳಿದೆ. "ಬಿಚ್ಚೋದು ಬೇಕಾಗಿಲ್ಲ ಸರ್, ಕಿಲೋಮೀಟರ್ ನೋಡಿದ್ರೆ ಗೊತ್ತಾಗತದ" ಎಂದ.

ಮನೆಗೆ ಬಂದು ಊಟಕ್ಕೆ ಕೂತಾಗ ಅಪ್ಪನ ನೆನಪಾಯಿತು. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ನನ್ನನ್ನೂ ಕರೆದೊಯ್ಯುತ್ತಿದ್ದ. ಅಲ್ಲಿ ದಲಾಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಮಾಡುತ್ತಾನೆ, ಪಕ್ಕದಲ್ಲಿ ನಿಂತವನಿಗೂ ಗುಟ್ಟು ತಿಳಿಯದು. ಆದರೆ ಟವೆಲ್ಲಿನ ಒಳಗೆ ಕೈ ಹೋಗುವುದಕ್ಕೆ ಮೊದಲು ಅಪ್ಪನ ಕೈ ಎತ್ತಿನ ಬಾಯಿಗೆ ಹೋಗಿರುತ್ತಿತ್ತು. ಹಾಲಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ ಎಂದು ತುಟಿ ಮಗುಚಿ ತಾನೇ ಎಣಿಸಬೇಕು. ಮಾರುವವನು ಹೇಳಿದ ವಯಸ್ಸನ್ನು ಕೇಳಿ ಎತ್ತು ಕೊಂಡವನನ್ನು ಊರಲ್ಲಿ ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಅಂಥವನ ಮಗ ನಾನು, ಗಾಲಿ ಬಿಚ್ಚದ ಹುಡುಗನ ಮುಂದೆ ತಲೆಯಾಡಿಸಿ, ಬರುವಾಗ ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದೆ.

ಇಂಡಿ ಪೇಟೆಯಲ್ಲಿ ಮೂಗಿಗೆ ಮೊದಲು ಸಿಗುವುದು ಲಿಂಬೆ. ಜಿಐ ಮುದ್ರೆ ಬಿದ್ದ ಮೇಲೆ ಇಂಡಿ ಲಿಂಬೆಯ ಹೆಸರು ದೂರ ಹೋಗಿದೆ. ರೈತ ಮಾತ್ರ ಈಗಲೂ ಚೀಲ ಸುರಿದು ಸವಾಲಿನ ಕೂಗಿಗೆ ಕಿವಿಗೊಟ್ಟು ನಿಂತಿರುತ್ತಾನೆ. ಕೊಳ್ಳುವವನು ಗುಡ್ಡೆಯ ಮೇಲಿನ ಹಣ್ಣನ್ನು ಮುಟ್ಟುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದ ಹಣ್ಣು ತೆಗೆದು, ಹಿಚುಕಿ, ಸಿಪ್ಪೆಯ ದಪ್ಪ ನೋಡಿ ಆಮೇಲೆ ಬಾಯಿ ಬಿಡುತ್ತಾನೆ. ಅಲ್ಲಿಂದ ತುಸು ದೂರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹಾಗೆ ಮುಟ್ಟಿ ನೋಡುವವರು ಕಡಿಮೆ. ಮೊಬೈಲಿನಲ್ಲಿ ಮಿಸ್ತ್ರಿ ಕಳಿಸಿದ ಚೀಟಿ ತೋರಿಸಿ, ಕೊಟ್ಟ ಡಬ್ಬಿ ಹಿಡಿದು ನಡೆಯುವವರೇ ಎಲ್ಲ.

ಅಂಗಡಿಯ ಸಾಹುಕಾರರಿಗೆ ನನ್ನ ಅಂದಾಜು ಪಟ್ಟಿ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ ಓದಿದರು. ಎರಡು ಸಲ ಓದಿದರು.

"ಎಂಆರ್‌ಪಿ ಅಂದ್ರ ಎಲ್ಲಾ ಟ್ಯಾಕ್ಸ್ ಕೂಡಿದ್ದು. ಡಬ್ಬಿ ಮ್ಯಾಲೇ ಬರದಿರತದ. ಅದರ ಮ್ಯಾಲ ಮತ್ತ ಟ್ಯಾಕ್ಸ್ ಹಾಕಾಕ ಬರಂಗಿಲ್ರಿ. ಕೈಕೂಲಿಗೆ ಹಾಕಲಿ, ಅದು ಬ್ಯಾರೆ."

2025ರ ಸೆಪ್ಟೆಂಬರ್ 22ರಿಂದ ಗಾಡಿಯ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದದ್ದು, ಹಳೇ ಡಬ್ಬಿಯ ಬೆಲೆಗೂ ಹೊಸ ಬೆಲೆಗೂ ಗಿರಾಕಿ ತಾಳೆ ಹಾಕಿ ಜಗಳಕ್ಕೆ ನಿಲ್ಲುವುದು, ಇದನ್ನೆಲ್ಲ ಹೇಳಿದರು. ಆಮೇಲೆ ಕೌಂಟರಿನ ಮೇಲೆ ಮೂರು ಜೋಡಿ ಪ್ಯಾಡ್ ಇಟ್ಟರು. ಒಂದು ಕಾರು ಕಂಪನಿಯದೇ ಮುದ್ರೆಯ ಡಬ್ಬಿ. ಇನ್ನೊಂದು ಬ್ರೇಕಿನ ಸಾಮಾನನ್ನೇ ಕಸುಬು ಮಾಡಿಕೊಂಡ ಹೆಸರುವಾಸಿ ಕಂಪನಿಯದು, ಬೆಲೆ ಸ್ವಲ್ಪ ಕಡಿಮೆ. ಮೂರನೆಯದರ ಡಬ್ಬಿ ಮೊದಲನೆಯದರ ತಮ್ಮನ ಹಾಗಿದೆ, ಅಕ್ಷರ ಮಾತ್ರ ಅಲ್ಲಲ್ಲಿ ಮಸುಕು, ಬೆಲೆ ಅರ್ಧಕ್ಕಿಂತ ಕಡಿಮೆ.

"ಮೂರನೇದು ಯಾಕ ಇಟ್ಟೀರಿ ಮತ್ತ?"

"ಕೇಳಾವ್ರು ಅದಾರ, ಇಟ್ಟೀನಿ" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಆದರೆ ಅದನ್ನು ನನ್ನ ಮುಂದೆ ಇಟ್ಟು ಇದು ಅದು ಎಂದು ತೋರಿಸಿದ್ದು ಹಿಡಿಸಿತು. ಮೊದಲನೆಯದನ್ನೇ ಕೊಡಿ ಎಂದೆ. 1,480 ರೂಪಾಯಿ. ಬಿಲ್ಲು ಬರೆಯುತ್ತ ಅವರು ಒಂದು ಷರತ್ತು ಹಾಕಿದರು. "ಮೊದ್ಲ ಗಾಲಿ ಬಿಚ್ಚಿಸ್ರಿ. ಬ್ಯಾಡಾದ್ರ ಸೀಲ್ ಒಡೀದ ಹಂಗೇ ತರ್ರಿ, ರೊಕ್ಕ ವಾಪಸ್. ಡಿಸ್ಕ್ ಈಗ ನಾ ಕೊಡಂಗಿಲ್ಲ."

ಮಾರುವವನೇ ಬೇಡ ಎನ್ನುವ ಮಾತು ಕೇಳಿ ಬಹಳ ದಿನವಾಗಿತ್ತು.

ಗಾಲಿ ಬಿಚ್ಚಿಸಲು ಹಿಡಿದ ಸಿಂದಗಿಯ ದಾರಿಯಲ್ಲಿ ಎಡಬಲಕ್ಕೆ ಬಿಳಿಜೋಳ ಎದೆಮಟ್ಟ ನಿಂತಿದೆ. ಎರೆಭೂಮಿ ಅಗಲಕ್ಕೆ ಬಿರುಕು ಬಿಟ್ಟಿದೆ, ಒಣಗಿದ ಮೇಲೆ ಅದರಷ್ಟು ನುಣ್ಣಗಿನ ಹುಡಿ ಬೇರೆ ಮಣ್ಣಿಗಿಲ್ಲ. ಎದುರಿಗೆ ಎರಡು ಟ್ರಾಲಿ ಕಬ್ಬು ಕಟ್ಟಿಕೊಂಡ ಟ್ರ್ಯಾಕ್ಟರ್, ಡೆಕ್ಕಿನಲ್ಲಿ ಹಲಗೆ ಒಡೆಯುವ ಹಾಗೆ ಹಾಡು. ಅದರ ಟ್ರಾಲಿಗೆ ಬ್ರೇಕೂ ಇಲ್ಲ, ಹಿಂದೆ ಕೆಂಪು ದೀಪವೂ ಇಲ್ಲ. ನಮ್ಮದು ಬಟಾಬಯಲು ನಾಡು, ಇಳಿಜಾರು ಕಡಿಮೆ, ಬ್ರೇಕ್ ಬಹಳ ದಿನ ಬಾಳುತ್ತದೆ ಎಂದು ಜನ ನಂಬಿದ್ದಾರೆ. ಲೆಕ್ಕಕ್ಕೆ ಸರಿ. ಆದರೆ ಇಲ್ಲಿ ಬ್ರೇಕು ಬೇಕಾಗುವುದು ಇಳಿಜಾರಿಗಲ್ಲ. ಕಣ್ಣಿಗೆ ಕಾಣದ ರೋಡ್ ಹಂಪಿಗೆ, ಕತ್ತಲಲ್ಲಿ ನಿಂತ ಟ್ರಾಲಿಗೆ, ತೊಗರಿಗೆ, ಕುರಿಗೆ. ಬೇಕಾದಾಗ ಒಂದೇ ಏಟಿಗೆ ಪೂರಾ ಬೇಕು.

ಸಿಂದಗಿಯ ಗ್ಯಾರೇಜು ಒಂದು ಬೇವಿನಮರ, ನಾಲ್ಕು ತಗಡು. ತಗಡಿನ ಮೇಲೆ ಬಸವಣ್ಣನ ಕ್ಯಾಲೆಂಡರ್, ಅದರ ಕೆಳಗೆ ‘ಇಂದು ನಗದು ನಾಳೆ ಉದ್ರಿ’. ಪುಣೆಯಲ್ಲಿ ಹನ್ನೆರಡು ವರ್ಷ ಪಾನಾ ಹಿಡಿದು ಊರಿಗೆ ಮರಳಿದ ಮಿಸ್ತ್ರಿ. ಐಟಿಐ ಮುಗಿಸಿದ ಒಬ್ಬ ಹುಡುಗ ಸಹಾಯಕ್ಕೆ. ಕಾರಿನ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ನಟ್ಟು ಸಡಿಲಿಸಿ ಆಮೇಲೆ ಜಾಕ್ ಎತ್ತಿದರು. ಬಿಚ್ಚಿದ ಗಾಲಿಯನ್ನು ಗೋಡೆಗೆ ಒರಗಿಸದೆ ಕಾರಿನ ಹೊಟ್ಟೆಯ ಕೆಳಗೆ ಅಡ್ಡ ಮಲಗಿಸಿದರು. ಜಾಕ್ ಜಾರಿದರೂ ಗಾಡಿ ಗಾಲಿಯ ಮೇಲೆ ಕೂರಲಿ ಎಂದು. ಇಷ್ಟು ನೋಡಿದ ಮೇಲೆ ನಾನು ಸ್ಟೂಲು ಎಳೆದುಕೊಂಡು ಹತ್ತಿರ ಕೂತೆ.

ಕೆಳಗಿನ ಬೋಲ್ಟ್ ತೆಗೆದು ಕ್ಯಾಲಿಪರನ್ನು ಡಬ್ಬಿಯ ಮುಚ್ಚಳದಂತೆ ಮೇಲೆ ಮಡಚಿದಾಗ ಎರಡು ಪ್ಯಾಡುಗಳು ಕಂಡವು, ಡಿಸ್ಕಿನ ಒಳಮೈಗೊಂದು, ಹೊರಮೈಗೊಂದು. ಮಿಸ್ತ್ರಿ ಊದಲಿಲ್ಲ, ಗಾಳಿ ಹೊಡೆಯಲಿಲ್ಲ. ಒದ್ದೆ ಅರಿವೆಯಿಂದ ಒರೆಸಿದರು. ಹಿಂದೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಆ ಹುಡಿ ಎದೆಗೆ ಕೆಟ್ಟದ್ದು ಎಂದು ಪುಣೆಯಲ್ಲಿ ಕಲಿತದ್ದಂತೆ. ಆಮೇಲೆ ಜೇಬಿನಿಂದ ಎರಡು ಒಂದು ರೂಪಾಯಿ ನಾಣ್ಯ ತೆಗೆದು ಜೋಡಿಸಿ, ಪ್ಯಾಡಿನ ಮಸಾಲೆಯ ಅಂಚಿಗೆ ಹಿಡಿದರು.

"ಇವೆರಡು ಕೂಡಿದ್ರ ಹತ್ತಹತ್ರ ಮೂರು ಮಿಲಿಮೀಟರ್. ಹೊಸಾದು ಹತ್ತರ ಮ್ಯಾಲ ಇರತದ. ಈ ಎರಡು ನಾಣ್ಯಕ್ಕಿಂತ ಕೆಳಗ ಬಂತಂದ್ರ ಬದಲ ಮಾಡೂದ, ಮಾತೇ ಇಲ್ಲ."

ಒಳಗಿನ ಪ್ಯಾಡು ಎರಡು ನಾಣ್ಯಕ್ಕೂ ಕಡಿಮೆ. ಅದಕ್ಕೆ ಅಂಟಿಸಿದ ಸಣ್ಣ ಉಕ್ಕಿನ ನಾಲಿಗೆ ಡಿಸ್ಕಿಗೆ ಮುಟ್ಟಿ ಹೊಳೆಯುತ್ತಿತ್ತು. ಆಡುಗಳನ್ನು ಬೆಚ್ಚಿಬೀಳಿಸಿದ್ದು ಇದೇ ನಾಲಿಗೆ. ಪ್ಯಾಡು ಸವೆದಾಗ ಕೂಗಿ ಹೇಳಲೆಂದೇ ಕಂಪನಿಯವರು ಇಟ್ಟದ್ದು. ಹೊರಗಿನ ಪ್ಯಾಡಿಗೆ ಮೂರು ನಾಣ್ಯ ಹಿಡಿದರೂ ಇನ್ನೂ ಮಿಕ್ಕಿತು. ಒಂದೇ ಗಾಲಿ, ಒಂದೇ ದಿನ ಹಾಕಿದ ಜೋಡಿ, ಸವೆತ ಮಾತ್ರ ಬೇರೆ.

"ಜೋಡೆತ್ತಿನಾಗ ಒಂದ ನೊಗಾ ಎಳದದ, ಇನ್ನೊಂದು ಸುಮ್ಮ ಜೋಡಿ ನಡದದ" ಎಂದು ಮಿಸ್ತ್ರಿ ಕ್ಯಾಲಿಪರಿನ ಜಾರುವ ಪಿನ್ನನ್ನು ಇಕ್ಕಳದಿಂದ ತಿರುಗಿಸಿದರು. ಅಲುಗಲಿಲ್ಲ. ರಬ್ಬರ್ ಟೊಪ್ಪಿಗೆ ಹರಿದು ಒಳಗೆ ಎರೆಮಣ್ಣಿನ ಹುಡಿ ಹೊಕ್ಕು, ಗ್ರೀಸಿನ ಜೊತೆ ಕಲಸಿ ಗಾರೆಯಾಗಿತ್ತು. ಪಿನ್ನು ಜಾರಿದರೆ ತಾನೇ ಎರಡೂ ಪ್ಯಾಡು ಸಮ ಒತ್ತುವುದು. ಹೊಸ ಪ್ಯಾಡು ಹಾಕಿ ಪಿನ್ನು ಹಾಗೇ ಬಿಟ್ಟಿದ್ದರೆ ವರ್ಷದೊಳಗೆ ಮತ್ತೆ ಇದೇ ಚೀರು. ಹದಿನಾಲ್ಕೂವರೆ ಸಾವಿರದ ಪಟ್ಟಿಯಲ್ಲಿ ‘ಕ್ಯಾಲಿಪರ್ ಸರ್ವಿಸ್’ ಎಂಬ ಒಂದು ಸಾಲಿತ್ತು ನೋಡಿ, ಪ್ಯಾಡಿನ ಜೊತೆಗೆ ಅದೂ ಖರೆ ಬೇಕಾದದ್ದೇ. ಗಾಲಿ ಬಿಚ್ಚದೆ ಬರೆದದ್ದರಿಂದ ಯಾವ ಸಾಲು ಖರೆ, ಯಾವುದು ಸುಳ್ಳು ಎಂದು ಬರೆದವನಿಗೂ ಗೊತ್ತಿರಲಿಲ್ಲ.

ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಇಷ್ಟಿರಬೇಕು ಎಂದು ಸಣ್ಣ ಅಂಕಿ ಅಚ್ಚೊತ್ತಿರುತ್ತದೆ. ಹತ್ತು ವರ್ಷ ಕಾರು ಓಡಿಸಿದ ನಾನು ಅದನ್ನು ಅಂದೇ ಮೊದಲು ನೋಡಿದ್ದು. ಹುಡುಗ ಪಕ್ಕದ ಲೇಥ್ ಅಂಗಡಿಗೆ ಓಡಿ ವರ್ನಿಯರ್ ತಂದ. ಅಚ್ಚಿನ ಪ್ರಕಾರ 15 ಮಿಲಿಮೀಟರ್ ಸಾಕು, ನನ್ನದು 16ರ ಮೇಲಿತ್ತು. ಬೆರಳಿನ ಉಗುರು ಮೇಲಿಂದ ಕೆಳಗೆ ಎಳೆದರೆ ಸಿಕ್ಕುವಂಥ ಆಳದ ಗೆರೆಯಿಲ್ಲ. ಡಿಸ್ಕ್ ಉಳಿಯಿತು. ಹಿಂದಿನ ಡ್ರಮ್ಮನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ಬಿಡಿಸಿದಾಗ ಮಳೆಗಾಲದಲ್ಲಿ ತಾಳಿಕೋಟಿಯ ಹತ್ತಿರ ಡೋಣಿ ನೀರಲ್ಲಿ ಗಾಡಿ ಇಳಿಸಿದ್ದ ಕೆಸರು ಒಣಗಿ ಹಪ್ಪಳ ಹಪ್ಪಳವಾಗಿ ಉದುರಿತು. ಲೈನರ್ ಇನ್ನೂ ಮೂರು ಮಿಲಿಮೀಟರ್. ಒರೆಸಿ, ಹ್ಯಾಂಡ್‌ಬ್ರೇಕ್ ಬಿಗಿ ಮಾಡಿ ಮುಚ್ಚಿದರು.

ಬ್ರೇಕ್ ಆಯಿಲ್ ಮಾತ್ರ ಬದಲಿಸಲೇಬೇಕು ಎಂದರು. ಹೊಸದು ತಿಳಿ ಹಳದಿ, ನನ್ನದು ಚಹಾದ ಡಿಕಾಕ್ಷನ್. ನಮ್ಮ ಬಿಸಿಲಿಗೆ ಆಯಿಲ್ ಕುದಿಯುತ್ತದೆಯೇ ಎಂದು ಕೇಳಿದೆ. ವಿಜಯಪುರದ ಬೇಸಿಗೆ 42 ಡಿಗ್ರಿ ಮುಟ್ಟಿದರೂ ಅದು ಈ ಆಯಿಲಿಗೆ ಲೆಕ್ಕಕ್ಕಿಲ್ಲ. ಹೊಸ ಡಾಟ್ 3 ಆಯಿಲ್ ಕುದಿಯಬೇಕಾದರೆ 205 ಡಿಗ್ರಿ ಬೇಕು. ಅದರ ಶತ್ರು ಬಿಸಿಲಲ್ಲ, ಗಾಳಿಯ ತೇವ. ವರ್ಷ ಕಳೆದಂತೆ ನೀರು ಹೀರುತ್ತದೆ, ಹೀರಿದಂತೆ ಕುದಿಯುವ ಮಟ್ಟ 140ರ ಹತ್ತಿರ ಇಳಿಯುತ್ತದೆ. ಘಾಟಿನಲ್ಲಿ ಬ್ರೇಕ್ ಕಾದಾಗ ಒಳಗೆ ಆವಿ ಎದ್ದು ಪೆಡಲ್ ಹತ್ತಿಯ ಗಾದಿಯ ಹಾಗೆ ಒಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಅದಕ್ಕೇ. ಅದೇ ಕಾರಣಕ್ಕೆ ಮೂಲೆಯಲ್ಲಿ ಬಾಯಿ ತೆರೆದು ಕೂತ ಹಳೇ ಡಬ್ಬಿಯ ಆಯಿಲ್ ಹಾಕಿಸಿಕೊಳ್ಳಬಾರದು. ಮಿಸ್ತ್ರಿ ಸೀಲಿದ್ದ ಡಬ್ಬಿಯನ್ನು ನನ್ನ ಮುಂದೆಯೇ ಒಡೆದರು.

ಆಮೇಲೆ ಶುರುವಾಯಿತು ಗ್ಯಾರೇಜಿನ ಡೊಳ್ಳು. ಹುಡುಗ ಸೀಟಿನಲ್ಲಿ, ಮಿಸ್ತ್ರಿ ನೆಲದಲ್ಲಿ. "ಹೊಡಿ... ಹೊಡಿ... ಹೊಡಿ... ಹಿಡಿ!" ನಿಪ್ಪಲ್ ಅರ್ಧ ತಿರುವು ಸಡಿಲ, ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಓಡಿ ಬಾಟಲಿಗೆ ಬಿತ್ತು, ಮತ್ತೆ ಬಿಗಿ. "ಬಿಡು!" ನಾಲ್ಕು ಗಾಲಿಗೂ ಹೀಗೆ. ಗುಳ್ಳೆ ನಿಂತು ತಿಳಿ ಹಳದಿ ಬರುವವರೆಗೆ.

ನಡುವೆ ಇನ್ನೊಬ್ಬ ಗಿರಾಕಿ ಬಂದ. ಹಿಂದಿನ ಲೈನರ್ ಹಾಕಿಸಬೇಕು, ಕೈಕೂಲಿ ಎಷ್ಟು? ಮುನ್ನೂರು. ಇನ್ನೂರಕ್ಕೆ ಮಾಡು. ಹತ್ತು ನಿಮಿಷದ ಎಳೆದಾಟದ ನಂತರ ಇನ್ನೂರಕ್ಕೇ ಒಪ್ಪಿಗೆಯಾಯಿತು. ಗೆದ್ದ ಖುಷಿಯಲ್ಲಿ ಆತ ಚಹಾಕ್ಕೆ ಹೋದ. ಮಿಸ್ತ್ರಿ ಹುಡುಗನಿಗೆ, "ಆ ಸಸ್ತಾ ಅಂಗಡ್ಯಾಗಿನ ಲೈನರ್ ತಗೊಂಬಾ" ಎಂದರು. ನಾನು ಮುಖ ನೋಡಿದೆ.

"ಏನ್ ಮಾಡೂದ್ರಿ ಸರ. ಕೂಲಿಗೆ ನೂರು ಮುರೀತಾರ, ಸಾಮಾನಿನ ರೇಟು ಒಬ್ರೂ ಕೇಳಂಗಿಲ್ಲ. ಆ ನೂರು ನಾ ಸಾಮಾನಿನಾಗ ಹುಡುಕೋಬೇಕು. ಮನೀಗಿ ಜ್ವಾಳಾ ನನಗೂ ಬೇಕಲ್ರಿ."

ಇದನ್ನು ನಾನು ಮುಚ್ಚಿಡಲಾರೆ. ಗಾಜಿನ ಬಾಗಿಲಿನ ಹುಡುಗನಿಗೆ ಬೈಯ್ಯುವುದು ಸುಲಭ, ಬೇವಿನಮರದ ಕೆಳಗೆ ಎಲ್ಲವೂ ಸಾಚಾ ಎಂದರೆ ಸುಳ್ಳಾಗುತ್ತದೆ. ಮೈಗೆ ಎಣ್ಣೆ ಬಳಿದುಕೊಂಡು ದುಡಿದದ್ದಕ್ಕೆ ನೂರು ಕಡಿಮೆ ಕೊಟ್ಟು, ಪ್ಲಾಸ್ಟಿಕ್ ಸುತ್ತಿದ ಡಬ್ಬಿಗೆ ಕೇಳಿದಷ್ಟು ಕೊಡುವ ನಮ್ಮ ಚಟವೇ ಆ ಮೂರನೇ ಡಬ್ಬಿಯನ್ನು ಕೌಂಟರಿನ ಮೇಲೆ ಉಳಿಸಿದೆ. ನನ್ನ ಕೈಕೂಲಿ 600 ಎಂದರು, ಎರಡು ತಾಸಿನ ಮೇಲಿನ ಕೆಲಸ. ಕೊಟ್ಟೆ. ಆಯಿಲಿಗೆ 230. ಪ್ಯಾಡಿನ 1,480 ಕೂಡಿದರೆ ಒಟ್ಟು 2,310. ಪಿನ್ನಿನ ರಬ್ಬರ್ ಟೊಪ್ಪಿಗೆ ಯಾವುದೋ ಹಳೇ ಡಬ್ಬಿಯಿಂದ ಹುಡುಕಿ ಪುಗಸಟ್ಟೆ ಹಾಕಿದರು. ಸವೆದ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. "ಇನ್ನೂರು ಕಿಲೋಮೀಟರ್ ತನಕ ಗಕ್ಕನ ಬ್ರೇಕ್ ಒತ್ತಬ್ಯಾಡ್ರಿ. ಹೊಸಾ ಪ್ಯಾಡು ಡಿಸ್ಕಿಗೆ ಹೊಂದಿಕೋಬೇಕು. ಹೊಸಾ ಎತ್ತು ಇದ್ದಂಗ."

14,600ರ ವಿಷಯಕ್ಕೆ ದೂರು ಕೊಡು ಎಂದವರೂ ಇದ್ದಾರೆ. ದಾರಿಯೇನೋ ಇದೆ. ಗ್ರಾಹಕರ ಸಹಾಯವಾಣಿ 1915, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಆಯೋಗ, ಐದು ಲಕ್ಷದವರೆಗಿನ ವ್ಯಾಜ್ಯಕ್ಕೆ ಶುಲ್ಕವೂ ಇಲ್ಲ. ಆದರೆ ನಾನಿನ್ನೂ ರೊಕ್ಕ ಕೊಟ್ಟಿರಲಿಲ್ಲವಲ್ಲ. ಪಟ್ಟಿಯನ್ನು ಮಡಚಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟೆ.

ಮರುದಿನ ಮುದ್ದೇಬಿಹಾಳ. ಸಿಂದಗಿಯ ‘ಅದ’ ಇಲ್ಲಿ ‘ಐತಿ’ ಆಗುತ್ತದೆ, ಹಾಗೆ ತಾಲ್ಲೂಕು ದಾಟಿದ್ದು ಕಿವಿಗೆ ಗೊತ್ತಾಗುತ್ತದೆ. ಸ್ಟ್ಯಾಂಡಿನ ಹತ್ತಿರ ಕ್ರೂಸರುಗಳು ಸಾಲಾಗಿ ನಿಂತಿದ್ದವು. ನೆತ್ತಿಯ ಮೇಲೆ ಗಂಟುಮೂಟೆ, ಜೋಳದ ಚೀಲ, ಒಂದು ಬಕೆಟ್, ಒಂದು ತೊಟ್ಟಿಲು. ಹಬ್ಬಕ್ಕೆ ಬಂದವರು ಗೋವಾದ ಕಟ್ಟಡ ಕೆಲಸಕ್ಕೆ ಮರಳುತ್ತಿದ್ದಾರೆ. ಒಳಗೆ ಎಷ್ಟು ಮಂದಿ ಎಂದು ನಾನು ಎಣಿಸಲಿಲ್ಲ, ಚಾಲಕನೂ ಎಣಿಸುವುದಿಲ್ಲ. ಇದೇ ಗಾಡಿ ರಾತ್ರಿ ಘಾಟು ಇಳಿಯಬೇಕು.

ಬ್ರೇಕಿನ ಬೆಲೆ ಕೇಳಬೇಕಾದರೆ ಇಂಥವರನ್ನು ಕೇಳಬೇಕು. ನಡುವಯಸ್ಸಿನ ಚಾಲಕನಿಗೆ ನನ್ನ ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದೆ. ಪ್ಯಾಡಿನ ಮೈಯನ್ನು ಹೆಬ್ಬೆರಳಿನಿಂದ ಸವರಿ, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದ. "ಮಾಲು ಚಲೋ ಐತಿ. ಸುಟ್ಟಿಲ್ಲ. ಹಲ್ಕಾ ಮಾಲಾದ್ರ ಘಾಟಿನ್ಯಾಗ ಕಾದು ಕನ್ನಡಿ ಆಕ್ಕೈತಿ. ಕಾಲು ಪೂರಾ ಒತ್ತಿದ್ರೂ ಗಾಡಿ ತೇಲತೈತಿ." ಒಮ್ಮೆ ಹಾಗಾಗಿತ್ತಂತೆ. ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪ ಎತ್ತಿ, ಬೆಟ್ಟದ ಬದಿಯ ಗಟಾರಕ್ಕೆ ಗಾಲಿ ಇಳಿಸಿ ನಿಲ್ಲಿಸಿದನಂತೆ. ಒಳಗಿದ್ದವರು ಮಲಗಿದ್ದರು, ಎದ್ದು ಚಹಾ ಬಂತೇನು ಎಂದು ಕೇಳಿದರು.

"ಈಗ ಹೆಂಗ?"

"ಈಗ ಸಾಮಾನು ನಾನ ತರತೀನಿ, ಬಿಲ್ ತಗೋತೀನಿ. ಮಿಸ್ತ್ರಿಗೆ ಕೂಲಿ ಅವ ಹೇಳಿದಷ್ಟು. ಬಿಚ್ಚೂವಾಗ ಬಾಜೂಕ ಕುಂದರತೀನಿ." ಸ್ವಲ್ಪ ತಡೆದು, "ನಿಂತರ ಸಿಟ್ಟಿಗೇಳತಾರ. ಕುಂತರ ಚಹಾ ತರಸತಾರ" ಎಂದು ಸೇರಿಸಿದ. ಕ್ಲೀನರ್ ಬಾಗಿಲು ಬಡಿದು ಕೂಗಿದ. ಚಾಲಕ ಹೊರಡುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಎರಡೂ ಗಾಲಿಯ ಒಳಬದಿಗೆ ಬಗ್ಗಿ ಎಣ್ಣೆ ಸೋರಿದ ಗುರುತಿದೆಯೇ ಎಂದು ನೋಡಿ, ಸೀಟಿಗೆ ಕೈ ಮುಗಿದು ಹತ್ತಿದ.

ಸಂಜೆ ಬಸವನ ಬಾಗೇವಾಡಿಯ ದಾರಿ ಹಿಡಿದಾಗ ಬಿಸಿಲು ಜೋಳದ ತೆನೆಯ ಮೇಲೆ ಅಡ್ಡ ಮಲಗಿತ್ತು. ಹೊಲದ ಬದುವಿನಲ್ಲಿ ಹೊಗೆ, ಯಾರೋ ಸೀತನಿ ಸುಡುತ್ತಿದ್ದರು. ಊರು ಇನ್ನೂ ಎರಡು ಮೈಲಿ ಇರುವಾಗ ಕುರಿಹಿಂಡು ರಸ್ತೆ ದಾಟಲು ಶುರುಮಾಡಿತು. ನೂರೋ ಇನ್ನೂರೋ, ತುದಿ ಕಾಣದು. ಮಿಸ್ತ್ರಿಯ ಮಾತು ನೆನಪಿಟ್ಟು ದೂರದಿಂದಲೇ ಕಾಲನ್ನು ಮೆಲ್ಲಗೆ ಇಳಿಸಿದೆ. ಪೆಡಲ್ ಗಟ್ಟಿಯಿತ್ತು. ಕಾರು ನಿಂತಿತು. ಹೆಗಲಿಗೆ ಕಂಬಳಿ, ಕಂಕುಳಲ್ಲಿ ಆಗಷ್ಟೇ ಹುಟ್ಟಿದ ಮರಿ ಹಿಡಿದ ಕುರುಬರ ಹುಡುಗ ಬಾನೆಟ್ಟಿನ ಮುಂದಿನಿಂದಲೇ ನಡೆದುಹೋದ. ಒಂದು ಕುರಿಯೂ ತಲೆ ಎತ್ತಿ ನೋಡಲಿಲ್ಲ.